ಅರಿವಿಯ ಹರವಿ

ಕಸೂತಿ ತರಗತಿಗೆ ಸೇರಿದವಳು ನನ್ನ ಹೆಂಡತಿ, ಹೋದವನು ನಾನು.

ಇಂದಿರಾನಗರದ ಒಂದು ಮನೆಯ ಮಹಡಿಯ ಮೇಲೆ ಶನಿವಾರ ಬೆಳಗಿನ ಹೊತ್ತು ನಡೆಯುವ ತರಗತಿ ಅದು. ಬಹಳ ದಿನದ ಆಸೆ ಎಂದು ಅವಳು ಹಣ ಕಟ್ಟಿ ಬಂದಳು. ಅದೇ ವಾರ ಬ್ಯಾಂಕಿನಲ್ಲಿ ಅವಳಿಗೆ ಬಡ್ತಿ ಸಿಕ್ಕಿತು, ಬಡ್ತಿಯ ಹಿಂದೆಯೇ ಶನಿವಾರದ ಮೀಟಿಂಗುಗಳೂ ಬಂದವು. ಕಟ್ಟಿದ ಹಣ ಹಿಂದಕ್ಕೆ ಕೊಡುವುದಿಲ್ಲ, ಬೇಕಿದ್ದರೆ ನಿಮ್ಮ ಬದಲು ಮನೆಯವರು ಯಾರಾದರೂ ಬರಲಿ ಎಂದರಂತೆ ಅಲ್ಲಿಯವರು. ಮಗಳು ಓದಲು ಮೈಸೂರಿಗೆ ಹೋದ ಮೇಲೆ ಲಿಂಗರಾಜಪುರದ ನಮ್ಮ ಬಾಡಿಗೆ ಮನೆಯಲ್ಲಿ ಉಳಿದವರು ಹೆಂಡತಿ, ನಾನು ಮತ್ತು ನಮ್ಮವ್ವ. ಮೊದಲು ಅವ್ವನನ್ನೇ ಕೇಳಿದೆವು. ಅವ್ವ ಗದಗಿನ ಕಡೆಯವಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು ಕೌದಿ ಹೊಲಿಯುವುದರಲ್ಲೇ ಅರ್ಧ ಆಯುಷ್ಯ ಕಳೆದವಳು.

"ಸೂಜಿ ಹಿಡಿಯೂದು ಕಲಿಯಾಕ ಇಂದಿರಾನಗರಕ್ಕ ಹೋಗ್ಲೇನು ನಾ?" ಎಂದು ಅವ್ವ ಕನ್ನಡಕದ ಮೇಲಿನಿಂದ ನಮ್ಮಿಬ್ಬರನ್ನೂ ನೋಡಿದಳು. "ನಾಳೆ ರೊಟ್ಟಿ ತಿನ್ನೂದು ಕಲಿಸ್ತೀವಿ ಬಾ ಅಂತಾರ, ಅದಕ್ಕೂ ಕಳಸ್ರಿ."

ಹೆಂಡತಿ ನನ್ನ ಕಡೆ ತಿರುಗಿದಳು. "ನೀವಽ ಹೋಗ್ರಿ. ಶನಿವಾರ ಮನ್ಯಾಗ ಕುಂತು ರಿಮೋಟಿನ ಬ್ಯಾಟರಿ ತಿರುವೂದು ಬಿಟ್ರ ಏನ್ ಮಾಡ್ತೀರಿ?"

ನಾನು ಕೈಯಲ್ಲಿದ್ದ ರಿಮೋಟನ್ನು ಮೆಲ್ಲಗೆ ಕೆಳಗಿಟ್ಟೆ. ನಾನು ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ದೊಡ್ಡ ಆಫೀಸುಗಳ ಸೂರಿನಡಿ ತಣ್ಣನೆಯ ಗಾಳಿ ಸಾಗಿಸುವ ತಗಡಿನ ಕೊಳವೆಗಳಿರುತ್ತವಲ್ಲ, ಅವನ್ನು ನಮ್ಮಲ್ಲಿ ಮಾಡುತ್ತಾರೆ. ಚಪ್ಪಟೆ ತಗಡನ್ನು ಎಲ್ಲಿ ಕತ್ತರಿಸಿ ಎಲ್ಲಿ ಬಗ್ಗಿಸಿದರೆ ಅದು ಬೇಕಾದ ಆಕಾರಕ್ಕೆ ಬಂದು ನಿಲ್ಲುತ್ತದೆ ಎಂದು ಗೆರೆ ಹಾಕಿ ಕೊಡುವುದು ನನ್ನ ಕೆಲಸ. ಸೂಜಿಗೂ ನನಗೂ ಇದ್ದ ಸಂಬಂಧ ಅಂಗಿಯ ಗುಂಡಿಯಷ್ಟೇ. ನಾನು ಹೊಲಿದ ಗುಂಡಿಯನ್ನೂ ಹೆಂಡತಿ ನಂಬದೆ ಇನ್ನೊಮ್ಮೆ ಹೊಲಿಯುತ್ತಿದ್ದಳು.

ಮೊದಲ ಶನಿವಾರ ಹೋದಾಗ ಅಲ್ಲಿ ಇದ್ದವರೆಲ್ಲ ಹೆಂಗಸರು, ಹೆಚ್ಚಿನವರು ನನ್ನ ಮಗಳಿಗಿಂತ ಸ್ವಲ್ಪ ದೊಡ್ಡವರು. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಒಬ್ಬಳು ಎದ್ದು, "ಅಂಕಲ್, ವಾಟರ್ ಫಿಲ್ಟರ್ ಅಡುಗೆಮನೇಲಿದೆ" ಎಂದು ದಾರಿ ತೋರಿಸಿದಳು. ನಾನು ರಿಪೇರಿಗೆ ಬಂದವನಲ್ಲ, ಕಲಿಯಲು ಬಂದವನು ಎಂದು ಹೇಳಿ ಕೂರುವ ಹೊತ್ತಿಗೆ ಬೆವರು ಕಿತ್ತುಕೊಂಡಿತ್ತು.

ಕಲಿಸುವ ಮೇಡಂ ಮಾತ್ರ ಏನೂ ಆಗದವರಂತೆ ಶುರುಮಾಡಿದರು. "ನಾವಿಲ್ಲಿ ಕರ್ಚೀಫ್ ಮೇಲೆ ಹೂವು ಹಾಕಲ್ಲ. ಬಟ್ಟೇಲಿ ಪಾತ್ರೆ ಮಾಡ್ತೀವಿ. ಬಟ್ಟಲು, ಹೂಜಿ, ಮಡಕೆ, ಯಾರಿಗೆ ಏನು ಬೇಕೋ ಅದು." ಎರಡು ಪದರ ಬಟ್ಟೆ, ನಡುವೆ ಹತ್ತಿಯ ಹಾಸು, ಮೂರೂ ಕೂಡುವಂತೆ ಒತ್ತೊತ್ತಾಗಿ ಹೊಲಿಗೆ, ಅದರ ಮೇಲೆ ಕಸೂತಿ, ಆಮೇಲೆ ಅಂಚು ಕೂಡಿಸಿ ಪಾತ್ರೆಯಂತೆ ನಿಲ್ಲಿಸುವುದು. ಅಂದರೆ ಕೌದಿಯನ್ನೇ ಎಬ್ಬಿಸಿ ನಿಲ್ಲಿಸಿದ ಹಾಗೆ.

"ಮೇಡಂ, ಇದರಲ್ಲಿ ಏನು ಇಡೋದು?" ಎಂದು ಕೇಳಿದೆ.

"ಏನೂ ಇಡಲ್ಲ ಸರ್. ಅದು ಸುಮ್ನೆ ಇರುತ್ತೆ."

ಸುಮ್ಮನೆ ಇರುವ ವಸ್ತುವನ್ನು ನಮ್ಮ ಕಾರ್ಖಾನೆಯಲ್ಲಿ ಯಾರೂ ಮಾಡಿಸುವುದಿಲ್ಲ. ನನಗೆ ಯಾಕೋ ಅದು ಬಹಳ ಹಿಡಿಸಿತು.

ಉಳಿದವರೆಲ್ಲ ಕಣ್ಣಂದಾಜಿನಲ್ಲೇ ಕತ್ತರಿ ಆಡಿಸುತ್ತಿದ್ದರೆ ನಾನು ಚೀಲದಿಂದ ಕಂಪಾಸು, ಸ್ಕೇಲು, ಕೋನಮಾಪಕ ತೆಗೆದೆ. ಒಂದು ಸಣ್ಣ ಬಟ್ಟಲಿನ ಲೆಕ್ಕ ಹಾಕಿ, ಮೊದಲು ಕಾಗದದಲ್ಲಿ ಮಾಡಿ ತೋರಿಸಿದೆ. ಕಾಗದದ ಬಟ್ಟಲು ಸಿಪಾಯಿಯಂತೆ ನಿಂತಿತು. ಹುಡುಗಿಯರು ವಾವ್ ಅಂಕಲ್ ಎಂದರು. ಅದೇ ಅಳತೆಯಲ್ಲಿ ಬಟ್ಟೆ ಕತ್ತರಿಸಿ, ವಾರಗಟ್ಟಲೆ ಹೊಲಿದು, ಅಂಚು ಕೂಡಿಸಿ ಮೇಜಿನ ಮೇಲೆ ಇಟ್ಟೆ. ಅದು ಒಂದು ಕ್ಷಣ ನಿಂತಿತ್ತು. ಆಮೇಲೆ ಮದುವೆಮನೆಯಲ್ಲಿ ಊಟ ಜಾಸ್ತಿಯಾದವರು ಕುರ್ಚಿಯಲ್ಲಿ ಜಾರುತ್ತಾರಲ್ಲ, ಹಾಗೆ ಮೆಲ್ಲಗೆ ಕೆಳಗೆ ಕೂತಿತು. ತಗಡು ಒಮ್ಮೆ ಬಗ್ಗಿಸಿದರೆ ಹೇಳಿದ ಮಾತು ಕೇಳುತ್ತದೆ. ಬಟ್ಟೆ ಕೇಳುವುದಿಲ್ಲ ಎಂದು ನನಗೆ ಗೊತ್ತಾಗಿದ್ದು ಅಂದೇ.

ಮೇಡಂ ಸುತ್ತ ತಿರುಗಿ ನೋಡಿದರು. "ಪರವಾಗಿಲ್ಲ ಸರ್. ಅದಕ್ಕೆ ಒಂದು ಮೂಡ್ ಇದೆ."

ಮನೆಗೆ ತಂದು ಅವ್ವನ ಕೈಗೆ ಕೊಟ್ಟೆ. ಅವ್ವ ಅದನ್ನು ಆಚೀಚೆ ತಿರುವಿ, ಒಳಗೆ ಬೆರಳಾಡಿಸಿ, ಮಗುಚಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು. ಕಿವಿಯವರೆಗೂ ಸರಿಯಾಗಿ ಕೂತಿತು. "ಟೊಪ್ಪಿಗಿ ಚಲೋ ಆಗೇತಿ ತಮ್ಮಾ. ಥಂಡ್ಯಾಗ ಬೇಕಾಗ್ತತಿ" ಎಂದಳು. ನಾನು ಅದು ಬಟ್ಟಲು ಎಂದೆ. "ಹೌದಲ್ಲ, ತಲಿಗೆ ಹಾಕ್ಕೊಳ್ಳೂ ಬಟ್ಟಲ" ಎಂದು ಅದನ್ನು ಹಾಕಿಕೊಂಡೇ ಧಾರಾವಾಹಿ ನೋಡಲು ಹೋದಳು.

ಸೋತದ್ದಕ್ಕೋ ಏನೋ, ಆ ಕೆಲಸ ನನ್ನನ್ನು ಹಿಡಿದುಕೊಂಡಿತು. ಆಫೀಸಿನಿಂದ ಬಂದವನೇ ಕೈಕಾಲು ತೊಳೆದು ಬೀದಿ ಕಡೆಯ ಕಿಟಕಿಯ ಬಳಿ, ಅಲ್ಲಿ ಬೆಳಕು ಚೆನ್ನಾಗಿದೆ ಎಂದು, ಸೂಜಿ ದಾರ ಹಿಡಿದು ಕೂರತೊಡಗಿದೆ. ಭಾನುವಾರ ಇಡೀ ದಿನ ಅಲ್ಲೇ. ಕಿಟಕಿಯಿಂದ ನನಗೆ ಬೀದಿ ಕಾಣುತ್ತಿದ್ದಂತೆ ಬೀದಿಗೂ ನಾನು ಕಾಣುತ್ತಿದ್ದೇನೆ ಎಂಬುದು ತಲೆಗೆ ಹೋಗಿರಲಿಲ್ಲ.

ನಮ್ಮ ಮನೆ ಮಾಲೀಕರು ಕೆಳಗಿನ ಮನೆಯಲ್ಲೇ ಇರುವವರು. ಲಿಂಗರಾಜಪುರ ಹಳ್ಳಿಯಾಗಿದ್ದ ಕಾಲದಿಂದ ಅಲ್ಲೇ ಇದ್ದ ಮನೆತನ. ಈಗ ನಮ್ಮ ಬೀದಿ ಇರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ಒಂದು ಸಂಜೆ ಮೆಟ್ಟಿಲ ಬಳಿ ಸಿಕ್ಕಿ, ದನಿ ತಗ್ಗಿಸಿ ಕೇಳಿದರು.

"ಸಾರ್, ತಪ್ಪು ತಿಳ್ಕೋಬ್ಯಾಡಿ. ಕಂಪನೀಲಿ ಏನಾರ ತೊಂದ್ರೆ ಆಗೈತಾ?"

"ಇಲ್ವಲ್ಲ, ಯಾಕೆ?"

"ಏನಿಲ್ಲ, ನೀವು ಬಟ್ಟೆ ಹೊಲಿತಾ ಇರ್ತೀರಿ ಅಂತ ನಮ್ಮನೆಯವಳು ಅಂದ್ಲು. ಕಷ್ಟ ಅಂದ್ರೆ ಹೇಳಿ ಸಾರ್, ನಾಚ್ಕೋಬ್ಯಾಡಿ. ಬೀದೀಲಿ ನಾಕ್ ಜನಕ್ಕೆ ಹೇಳಿವ್ನಿ."

ನಾಲ್ಕು ಜನಕ್ಕೆ ಹೇಳಿದ್ದರ ಫಲ ಭಾನುವಾರ ಕಂಡಿತು. ಎದುರುಮನೆಯ ಟೀಚರಮ್ಮ ಒಂದು ರೇಷ್ಮೆ ಸೀರೆ, ಅದಕ್ಕೆ ಹೊಂದುವ ಫಾಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. "ಫಾಲ್ ಹಾಕ್ಕೊಡ್ತೀರಂತಲ್ಲ ಅಂಕಲ್. ಅರ್ಜೆಂಟ್ ಏನಿಲ್ಲ, ಗುರುವಾರ ಕೊಟ್ರೆ ಸಾಕು." ನಾನು ಬಾಯಿ ತೆರೆಯುವಷ್ಟರಲ್ಲಿ ಸೀರೆ ನನ್ನ ತೊಡೆಯ ಮೇಲಿತ್ತು, ಅವರು ಗೇಟಿನ ಆಚೆ ಇದ್ದರು. ಒಳಗಿನಿಂದ ಹೆಂಡತಿ ನಗುವ ಸದ್ದು ಕೇಳಿತು.

ಒಲ್ಲೆ ಎಂದು ವಾಪಸ್ಸು ಕೊಡುವ ಧೈರ್ಯ ನನಗೆ ಬರಲಿಲ್ಲ. ನಾನು ಹೊಲಿದೆ. ಕಾಣದಂಥ ಸಣ್ಣ ಹೊಲಿಗೆ, ಸಾಲು ಒಂದಿಷ್ಟೂ ಸೊಟ್ಟಗಾಗದಂತೆ. ಮೇಡಂ ನೋಡಿದ್ದರೆ ಭೇಷ್ ಎನ್ನುತ್ತಿದ್ದರು. ಆದರೆ ಫಾಲ್ ಹಾಕುವುದು ನೆರಿಗೆ ಬರುವ ಕಡೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ಸೆರಗು ಚೆನ್ನಾಗಿದೆಯಲ್ಲ, ಇದಕ್ಕೇ ರಕ್ಷಣೆ ಬೇಕಾದೀತು ಎಂದು ಸೆರಗಿನ ಕಡೆಯೇ ಹಾಕಿದ್ದೆ. ಟೀಚರಮ್ಮ ಅದನ್ನು ನೋಡಿದ್ದು ತಂಗಿಯ ಮದುವೆಯ ಬೆಳಗ್ಗೆ, ಉಡುವ ಹೊತ್ತಿನಲ್ಲಿ. ಅವರು ಬಂದು ಜಗಳವಾಡಲಿಲ್ಲ. ನನ್ನ ಕಷ್ಟಕಾಲ ನೆನೆದು ಸುಮ್ಮನಾದರಂತೆ. ಅಂದಿನಿಂದ ನಮ್ಮ ಮೆಟ್ಟಿಲನ್ನು ಬಟ್ಟೆ ಹಿಡಿದು ಯಾರೂ ಹತ್ತಲಿಲ್ಲ.

ಅಷ್ಟರಲ್ಲಿ ಮೇಡಂ, ತರಗತಿಯ ಕೊನೆಗೆ ಪ್ರದರ್ಶನ ಇಡೋಣ, ಪ್ರತಿಯೊಬ್ಬರೂ ಒಂದು ದೊಡ್ಡ ಪಾತ್ರೆ ಮಾಡಿ ಎಂದರು. ಬೇರೆಯವರು ಸಮುದ್ರದ ಚಿಪ್ಪು, ಹೂವಿನ ಮೊಗ್ಗು ಎಂದೆಲ್ಲ ಯೋಚಿಸಿದರು. ನನ್ನ ತಲೆಗೆ ಬಂದದ್ದು ಹರವಿ. ನಮ್ಮ ಕಡೆ ನೀರು ತುಂಬಿಡುವ ದೊಡ್ಡ ಮಣ್ಣಿನ ಮಡಕೆಗೆ ಹಾಗೆನ್ನುತ್ತಾರೆ; ದುಂಡು ಹೊಟ್ಟೆ, ಸಣ್ಣ ಕತ್ತು. ಬಟ್ಟೆಯಲ್ಲಿ ಸೊಂಟದೆತ್ತರದ ಹರವಿ ಮಾಡಬೇಕೆಂದರೆ ಬಟ್ಟೆ ಬೇಕು. ಮುಂದಿನ ಕೌದಿಗೆಂದು ಅವ್ವ ಮಂಚದ ಕೆಳಗೆ ಹಳೆಯ ಇಳಕಲ್ ಸೀರೆಗಳ ಗಂಟು ಇಟ್ಟಿದ್ದಳು. ಮೆಲ್ಲಗೆ ಮಾತು ತೆಗೆದೆ.

"ಅರಿವೀಲೆ ಹರವಿ?" ಅವ್ವ ಹುಬ್ಬೇರಿಸಿದಳು. ನಮ್ಮ ಕಡೆ ಬಟ್ಟೆಗೆ ಅರಿವಿ ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಹೇಳಿದ್ದು ಅವಳಿಗೇ ರುಚಿಸಿರಬೇಕು, ಇನ್ನೊಮ್ಮೆ ಹೇಳಿದಳು. "ಅರಿವೀಲೆ ಹರವಿ! ನೀರು ಹಾಕಿದ್ರ?"

"ನೀರು ಹಾಕಾಂಗಿಲ್ಲವ್ವಾ."

"ಕಾಳು?"

"ಏನೂ ಹಾಕಾಂಗಿಲ್ಲ. ಸುಮ್ನ ನೋಡೂದು."

ಅವ್ವ ಬಗ್ಗಿ ಮಂಚದ ಕೆಳಗೆ ನೋಡಿದಳು. ಆಮೇಲೆ ಗಂಟನ್ನು ಕಾಲಿನಿಂದ ನನ್ನ ಕಡೆ ತಳ್ಳಿ, "ತಗೋ. ಆದ್ರ ನಾನೂ ಹೊಲೀತೀನಿ. ನಿನ್ನ ಕೈಯಾಗ ಕೊಟ್ರ ಮತ್ತ ಟೊಪ್ಪಿಗಿ ಆದೀತು" ಎಂದಳು.

ಕೂತುಬಿಡದಂತೆ ಪಾತ್ರೆಗೆ ಗಟ್ಟಿತನ ಬೇಕಿತ್ತು. ಅಂಗಿಯ ಕಾಲರಿನ ಒಳಗೆ ಇಡುತ್ತಾರಲ್ಲ, ಆ ಬಕ್ರಂ ಬಟ್ಟೆ ಹಾಕಿ ನೋಡಿ ಎಂದು ಮೇಡಂ ಹೇಳಿದ್ದರು. ಅವ್ವನನ್ನೂ ಕರೆದುಕೊಂಡು ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆ. ಟೈಲರ್ ಸಾಮಾನಿನ ಇಕ್ಕಟ್ಟಾದ ಅಂಗಡಿ. ದಾರದ ಉಂಡೆಗಳ ನಡುವೆ ಗಡ್ಡದ ಸಾಬರೊಬ್ಬರು ಕೂತಿದ್ದರು. ಅವ್ವನನ್ನು ನೋಡಿದ ಕೂಡಲೇ ಸ್ಟೂಲು ಒರೆಸಿ, "ಆವ್ ಅಮ್ಮಾ, ಬೈಠೋ" ಎಂದರು.

"ಬಕ್ರಂ ಕೊಡಿ. ಇರೋದರಲ್ಲಿ ದಪ್ಪದ್ದು" ಎಂದೆ.

"ಯಾತಕ್ಕೆ ಸಾರ್? ಕಾಲರ್‌ಗಾ, ಪ್ಯಾಂಟ್ ಪಟ್ಟಿಗಾ?"

"ಮಡಕೆಗೆ."

ಅವರು ಮೊಳಕೋಲು ಕೆಳಗಿಟ್ಟರು. "ಮಡಕೆಗೆ ಕಾಲರಾ ಸಾರ್?"

"ಕಾಲರ್ ಅಲ್ಲ, ಇಡೀ ಮಡಕೆಗೆ."

"ಮಡಕೆಗೆ ಅಂಗಿ ಹಾಕ್ತೀರಾ?"

"ಇಲ್ಲಪಾ," ಅವ್ವ ನಡುವೆ ಬಂದಳು, "ಅಂಗೀನ ಮಡಕಿ ಮಾಡ್ತಾನ."

ಸಾಬರು ಮೊಳಕೋಲು ಮತ್ತೆ ಎತ್ತಿಕೊಂಡರು. ಬಕ್ರಂ ಅಳೆದು ಕತ್ತರಿಸಿದರು. ನಾನು ದಾರದ ಬಣ್ಣ ಆರಿಸುತ್ತಿದ್ದಾಗ ಅವ್ವನ ಕಡೆ ಬಾಗಿ ಮೆಲ್ಲಗೆ, "ಬೇಟಾ ಏನ್ ಕೆಲ್ಸ ಮಾಡ್ತಾರೆ ಅಮ್ಮಾ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಇಂಜಿನೇರ" ಎಂದಳು ಅವ್ವ.

"ಅಚ್ಛಾ" ಎಂದರು ಸಾಬರು. ಮೆಟ್ಟಿಲ ಬಳಿ ನಮ್ಮ ಮನೆ ಮಾಲೀಕರ ಮುಖದಲ್ಲಿ ನಾನು ನೋಡಿದ್ದ ಅದೇ ಮರುಕ. ಎರಡು ಉಂಡೆ ದಾರ ಪುಕ್ಕಟೆ ಕೊಟ್ಟರು.

ಆಮೇಲೆ ಶುರುವಾಯಿತು ನೋಡಿ ನಮ್ಮ ಜಂಟಿ ಕೆಲಸ. ಕಲ್ಲಂಗಡಿಯ ಹೋಳಿನಂತೆ ಉದ್ದುದ್ದ ಪಟ್ಟಿಗಳನ್ನು ಕತ್ತರಿಸಿ, ಒಂದೊಂದನ್ನೂ ಕೌದಿಯಂತೆ ಹೊಲಿದು, ಕೊನೆಗೆ ಎಲ್ಲವನ್ನೂ ಕೂಡಿಸುವುದು ನನ್ನ ಲೆಕ್ಕ. ಅರ್ಧ ಪಟ್ಟಿಗಳು ಅವ್ವನ ಪಾಲು, ಅರ್ಧ ನನ್ನವು. ಹಾಲಿನ ನಡುವೆ ಚಾಪೆ ಹಾಕಿ ಎದುರುಬದುರು ಕೂತೆವು. ನಾನು ಎಲ್ಲ ಪಟ್ಟಿಗಳ ಮೇಲೂ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಕೊಟ್ಟಿದ್ದೆ. ಅವ್ವ ಗೆರೆಯನ್ನು ಒಮ್ಮೆ ನೋಡಿ, ಸೆರಗಿನಿಂದ ಒರೆಸಿ, ತನಗೆ ಬೇಕಾದ ಕಡೆ ಹೊಲಿಯುತ್ತಾ ಹೋದಳು.

"ಅವ್ವಾ, ಗೆರಿ ಮ್ಯಾಲೆ ಹೊಲಿ."

"ಗೆರಿ ಸೊಟ್ಟ ಐತಿ."

"ಸ್ಕೇಲಿಟ್ಟು ಹಾಕೀನಿ!"

"ಹಂಗಾದ್ರ ಸ್ಕೇಲ್ ಸೊಟ್ಟ ಐತಿ."

ನನ್ನ ಪಟ್ಟಿಗಳ ಮೇಲೆ ಕಸೂತಿಯ ಆನೆ ಹಾಕಬೇಕೆಂದು ನನ್ನ ಆಸೆ. ಎಳೆ ಎಣಿಸಿ ಹಾಕುವ ಕೆಲಸ ಅದು, ಚಪ್ಪಟೆ ಬಟ್ಟೆಯ ಮೇಲೆ ಚೆನ್ನಾಗಿಯೇ ಬಂದಿತ್ತು. ಪಟ್ಟಿ ಹೊಟ್ಟೆಯಂತೆ ಬಾಗಿದಾಗ ಆನೆಯ ಸೊಂಡಿಲು ಒಳಗೆ ಸೇರಿ, ಕಾಲು ಗಿಡ್ಡವಾಗಿ, ಬೆನ್ನು ಉಬ್ಬಿತು. ಸಂಜೆ ಆಫೀಸಿನಿಂದ ಬಂದ ಹೆಂಡತಿ ಚಪ್ಪಲಿ ಬಿಡುತ್ತಲೇ, "ಹಂದಿ ಚೆಂದ ಬಂದೈತ್ರೀ" ಎಂದಳು. ಅವ್ವ ಬಿದ್ದು ಬಿದ್ದು ನಕ್ಕಳು. ನಾನು ಆ ಸಾಲಿನ ಉಳಿದ ಪ್ರಾಣಿಗಳನ್ನೂ ಅದೇ ಥರ ಮಾಡಿಬಿಟ್ಟೆ, ಬೇಕಂತಲೇ ಮಾಡಿದ್ದು ಎನ್ನಬಹುದಲ್ಲ ಎಂದು.

ಎಲ್ಲ ಕೂಡಿಸಿ ನಿಲ್ಲಿಸಿದ ದಿನ ಹರವಿ ಕೂರಲಿಲ್ಲ. ಬಕ್ರಂ ಕೆಲಸ ಮಾಡಿತ್ತು. ಆದರೆ ಯಾರೋ ಕರೆದಂತೆ ಒಂದು ಕಡೆ ವಾಲಿಕೊಂಡು ನಿಂತಿತು. ವಾಲಿದ್ದು ಅವ್ವ ಹೊಲಿದ ಪಟ್ಟಿಗಳ ಕಡೆಗೆ.

"ನೋಡು, ನಿನ್ನ ಕಡೆ ವಾಲೇತಿ" ಎಂದೆ.

"ನನ್ನ ಕಡೆ ಎಲ್ಲಿ ವಾಲೇತಿ? ನಿನ್ನ ಕಡೆ ಎದ್ದೈತಿ" ಎಂದಳು ಅವ್ವ.

ಇಬ್ಬರೂ ಒಂದು ದಿನ ಮಾತಾಡಲಿಲ್ಲ. ಮರುದಿನ ನಾನು ಆಫೀಸಿನಿಂದ ಬಂದಾಗ ಮನೆಯಲ್ಲಿ ಹೋಳಿಗೆಯ ಘಮ. ಹುಣ್ಣಿಮೆ ಇತ್ತು. ಅವ್ವ ತಾನಾಗಿಯೇ ಎಲೆ ಹಾಕಿ, ತುಪ್ಪ ಸುರಿದು ಬಡಿಸಿದಳು. ಹರವಿಯ ಹೊಟ್ಟೆಯಲ್ಲಿ ನಾವು ಬಾಕಿ ಬಿಟ್ಟಿದ್ದ ಸ್ವಲ್ಪ ಹೊಲಿಗೆಯನ್ನೂ ಅವಳೇ ಮುಗಿಸಿಟ್ಟಿದ್ದಳು. ರಾಜಿಯಾಯಿತು ಎಂದುಕೊಂಡು ನಾನು ಸಂತೋಷದಿಂದ ಉಂಡೆ.

ಪ್ರದರ್ಶನ ಅದೇ ಇಂದಿರಾನಗರದ ಮನೆಯ ಹಾಲಿನಲ್ಲಿ. ಸಾಮಾನು ಮುಂಚೆಯೇ ತಂದಿಡಬೇಕಿತ್ತು, ನಾನು ತಂದಿಟ್ಟಿದ್ದೆ. ಆ ದಿನ ಮಾಲೀಕರು ತಮ್ಮ ದೊಡ್ಡ ಕಾರು ತೆಗೆದರು. "ಅಜ್ಜೀನ ಆಟೋದಾಗೆ ಕೂರಿಸ್ಕೊಂಡ್ ಹೋಗ್ತೀರಾ? ನಡೀರಿ, ನಾನೂ ನೋಡ್ಬೇಕು ಅದೇನು ಅಂತ" ಎಂದು ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ನಮ್ಮಿಬ್ಬರನ್ನು ಹಿಂದೆ ಹಾಕಿಕೊಂಡು ಹಲಸೂರಿನ ಟ್ರಾಫಿಕ್ಕಿನಲ್ಲಿ ದಾರಿಯುದ್ದಕ್ಕೂ ಹಾರ್ನ್ ಹೊಡೆದರು.

ಹಾಲಿನ ತುಂಬ ಬಿಳಿ ಪೀಠಗಳು, ಒಂದೊಂದರ ಮೇಲೆ ಒಂದೊಂದು ಬಟ್ಟೆಯ ಪಾತ್ರೆ. ಮೂಲೆಯಲ್ಲಿ, ಕಿಟಕಿಯ ಪಕ್ಕ ನಮ್ಮ ಹರವಿ. ಅದರ ಸುತ್ತ ಜನ ಗುಂಪುಗೂಡಿದ್ದು ಕಂಡು ನನ್ನ ಎದೆ ಉಬ್ಬಿತು. ಹತ್ತಿರ ಹೋದೆ. ಕಿಟಕಿಯ ಸರಳಿನಿಂದ ಇಳಿದು, ಗೋಡೆಗುಂಟ ಸಾಗಿ, ಬಿಳಿ ಪೀಠವನ್ನು ಏರಿ, ಹಂದಿಗಳ ಸಾಲನ್ನು ದಾಟಿ, ಹರವಿಯ ಹೊಟ್ಟೆಯ ಒಂದು ಹೊಲಿಗೆಯೊಳಕ್ಕೆ ಇರುವೆಗಳು ಸಾಲಾಗಿ ಹೋಗುತ್ತಿದ್ದವು. ಇನ್ನೊಂದು ಸಾಲು ಹೊರಗೆ ಬರುತ್ತಿತ್ತು.

"ಎಷ್ಟು ಬೋಲ್ಡ್ ಆಗಿದೆ ಅಲ್ವಾ!" ಎಂದು ದೊಡ್ಡ ಕನ್ನಡಕದ ಹೆಂಗಸೊಬ್ಬರು ಪಕ್ಕದವರಿಗೆ ಹೇಳುತ್ತಿದ್ದರು. "ಕಪ್ಪು ದಾರ ಅನ್ಕೊಂಡೆ, ನೋಡಿದ್ರೆ ನಿಜವಾದ ಇರುವೆ. ಚಲಿಸೋ ಕಸೂತಿ!" ಅವರ ಪಕ್ಕದವರು ಮೊಬೈಲಿನಲ್ಲಿ ವಿಡಿಯೊ ತೆಗೆಯುತ್ತಿದ್ದರು.

ಮೇಡಂ ಅವಸರವಾಗಿ ಬಂದು ನನ್ನ ಕಿವಿಯಲ್ಲಿ, "ಸರ್, ಈ ಇರುವೆ... ನಿಮ್ಮ ಐಡಿಯಾನಾ?" ಎಂದರು. ಹೌದು ಎನ್ನಲೋ ಅಲ್ಲ ಎನ್ನಲೋ ತಿಳಿಯದೆ ನಾನು ಗಂಭೀರವಾಗಿ ತಲೆಯಾಡಿಸಿದೆ. ಅದು ಎರಡಕ್ಕೂ ಹೊಂದುವಂತಿತ್ತು.

ಅಷ್ಟರಲ್ಲಿ ಮಾಲೀಕರು ಗುಂಪಿನೊಳಗೆ ನುಗ್ಗಿದರು. "ಅಯ್ಯಯ್ಯೋ ಸಾರ್, ಇರುವೆ ಹತ್ತೈತೆ!" ಎಂದು ಹೆಗಲ ಮೇಲಿನ ಟವೆಲು ತೆಗೆದು ಒಂದೇ ಏಟು ಹೊಡೆದರು.

"ಮುಟ್ಟಬೇಡಿ! ಅದು ಕೃತಿಯ ಭಾಗ!" ಎಂದು ಕನ್ನಡಕದವರು ಕೂಗಿದರು.

"ಯಾವ್ದಮ್ಮಾ? ಇರುವೇನಾ?" ಮಾಲೀಕರು ಟವೆಲು ಎತ್ತಿ ಹಿಡಿದಂತೆಯೇ ನಿಂತರು.

ಆಗ ಅವ್ವ ಮುಂದೆ ಬಂದಳು. ಇರುವೆಗಳನ್ನು ನೋಡಿದಳು, ಒಂಚೂರೂ ಗಾಬರಿಯಾಗಲಿಲ್ಲ. "ಹೋಳಿಗಿ ಐತಿ ಅದರಾಗ. ಅದಕ್ಕ ಬಂದಾವು" ಎಂದಳು.

ನನಗೆ ಹುಣ್ಣಿಮೆಯ ದಿನದ ರಾಜಿ ಈಗ ಅರ್ಥವಾಯಿತು. ಅವ್ವ ಎಲ್ಲರಿಗೂ ಕೇಳುವಂತೆ ವಿವರಿಸಿದಳು. "ನಮ್ಮ ಮನ್ಯಾಗ ಕೌದಿ ಹೊಲಿದು ಮುಗಸೂವಾಗ ಅದರ ಹೊಟ್ಟ್ಯಾಗ ಒಂದ ಚೂರ ರೊಟ್ಟಿನೋ ಹೋಳಿಗಿನೋ ಇಟ್ಟು ಹೊಲೀತೀವ್ರೀ. ಕೌದಿ ಹಸಗೊಂಡು ಇರಬಾರ್ದು. ಅದು ಹಸಗೊಂಡಿದ್ರ ಹೊದ್ದವ್ರ ಹೊಟ್ಟಿ ಹೆಂಗ ತುಂಬ್ತತಿ? ಇದಂತೂ ಇಷ್ಟ್ ದೊಡ್ಡ ಹೊಟ್ಟಿ. ಚೂರ ಸಾಲಾಂಗಿಲ್ಲ ಅಂತ ಅರ್ಧಾ ಹೋಳಿಗಿ ಇಟ್ಟೆ."

ಯಾರೋ ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು. ಮೇಡಂ ಕಣ್ಣು ಒರೆಸಿಕೊಂಡರು. ಇನ್ನೇನು ಎಲ್ಲ ಒಳ್ಳೆಯದೇ ಆಯಿತು ಎನ್ನುವಾಗ ಪಕ್ಕದ ಪೀಠದಿಂದ ಒಂದು ಚೀರಾಟ. ಅಲ್ಲಿ ಒಬ್ಬ ಹುಡುಗಿ ಬಿಳಿ ಮಸ್ಲಿನ್‌ನಲ್ಲಿ ಮಾಡಿದ್ದ ಮೊಗ್ಗಿನಂಥ ಬಟ್ಟಲಿತ್ತು. ಟವೆಲಿನ ಏಟಿಗೆ ದಿಕ್ಕು ತಪ್ಪಿದ ಇರುವೆಗಳು ಅದರೊಳಗೆ ಆಶ್ರಯ ಪಡೆಯುತ್ತಿದ್ದವು.

ಹೋಳಿಗೆ ತೆಗೆಯದೆ ವಿಧಿ ಇರಲಿಲ್ಲ. ಹರವಿಯನ್ನು ನೆಲಕ್ಕಿಳಿಸಿ, ಮಲಗಿಸಿ, ಸಣ್ಣ ಕತ್ತರಿಯಿಂದ ಹೊಟ್ಟೆಯ ಹೊಲಿಗೆ ಬಿಚ್ಚತೊಡಗಿದೆ. ಸುತ್ತ ಜನ ಬಾಗಿ ನೋಡುತ್ತಿದ್ದರು. ಮಾಲೀಕರು ಮೊಬೈಲಿನ ಟಾರ್ಚ್ ಹಿಡಿದು, "ಹುಷಾರು ಸಾರ್, ಎಡಕ್ಕೆ, ಇನ್ನೂ ಎಡಕ್ಕೆ" ಎನ್ನುತ್ತಿದ್ದರು. ಎರಡು ಬೆರಳು ಹಾಕಿ ಹುಡುಕಿ, ಕಪ್ಪಗೆ ಇರುವೆ ಮುತ್ತಿದ ಅರ್ಧ ಹೋಳಿಗೆಯನ್ನು ಹೊರಗೆಳೆದೆ. ಮತ್ತೆ ಚಪ್ಪಾಳೆ. ಅದನ್ನು ಒಂದು ಕಾಗದದ ತಟ್ಟೆಯಲ್ಲಿಟ್ಟು ಬಾಲ್ಕನಿಗೆ ಸಾಗಿಸಿದರು. ಕನ್ನಡಕದವರು ಅದರ ಫೋಟೊ ತೆಗೆಯಲು ಹಿಂದೆಯೇ ಹೋದರು.

ನಾನು ಹೊಲಿಗೆ ಮುಚ್ಚಲು ಹೋದಾಗ ಅವ್ವ ನನ್ನ ಕೈ ಹಿಡಿದಳು. "ಖಾಲಿ ಹೊಟ್ಟೀಲೆ ಮುಚ್ಚಬ್ಯಾಡ."

"ಅವ್ವಾ, ಮತ್ತ ಇರುವಿ ಬರ್ತಾವು."

"ಬಂದ್ರ ಬರ್ಲಿ. ಖಾಲಿ ಮುಚ್ಚಬ್ಯಾಡ."

ಹೆಂಡತಿ ತನ್ನ ಪರ್ಸಿನಲ್ಲಿ ಹುಡುಕಿ, ಹಲ್ಲು ನೋವಿಗೆಂದು ಇಟ್ಟುಕೊಂಡಿದ್ದ ಲವಂಗದ ಪೊಟ್ಟಣ ತೆಗೆದಳು. ಲವಂಗದ ಹತ್ತಿರ ಇರುವೆ ಸುಳಿಯುವುದಿಲ್ಲ ಎಂದು ಅವಳ ನಂಬಿಕೆ.

"ಲವಂಗಾ ಏನು ಊಟನಽ?" ಅವ್ವನಿಗೆ ಸಮಾಧಾನವಿಲ್ಲ.

"ಊಟ ಆಗೇತಲ್ರೀ ಅತ್ತಿ. ಇದು ಊಟ ಆದ ಮ್ಯಾಲಿಂದು" ಎಂದಳು ಹೆಂಡತಿ.

ಅವ್ವ ಯೋಚಿಸಿ, ಒಪ್ಪಿ, ತಾನೇ ಲವಂಗ ತುಂಬಿದಳು. ನಾನು ಹೊಲಿದು ಮುಚ್ಚಿದೆ. ಬ್ಯಾಂಕಿನಲ್ಲಿ ಇವಳಿಗೆ ಬಡ್ತಿ ಯಾಕೆ ಕೊಟ್ಟರೆಂದು ನನಗೆ ಆಗ ಸರಿಯಾಗಿ ತಿಳಿಯಿತು.

ಜನ ಕರಗಿದ ಮೇಲೆ ನೋಡಿದರೆ ಮಾಲೀಕರು ಇನ್ನೂ ಹರವಿಯ ಮುಂದೆ ನಿಂತಿದ್ದರು. ಕತ್ತಿನೊಳಗೆ ಕೈ ಇಳಿಸಿ, ಒಳಗಿನ ಗೋಡೆಯನ್ನು ಸವರುತ್ತಿದ್ದರು.

"ನಮ್ಮನೇಲಿ ಇಂಥದೇ ಗುಡಾಣ ಇತ್ತು ಸಾರ್, ಮಣ್ಣಿಂದು. ರಾಗಿ ತುಂಬ್ತಿದ್ರು. ಚಿಕ್ಕುಡುಗ ಇದ್ದಾಗ ನಮ್ಮಪ್ಪ ಹೊಡೀತಾರೆ ಅಂತ ಅದ್ರೊಳಗೆ ಇಳಿದು ಕೂತ್ಕೊಂಡೆ. ಇಳಿಯೋದೇನೋ ಇಳಿದೆ, ಹತ್ತಕ್ಕಾಗ್ಲಿಲ್ಲ. ಕೊನೆಗೆ ನಮ್ಮಪ್ಪಾನೇ ಒನಕೆ ತಂದು ಗುಡಾಣ ಒಡೆದು ನನ್ನ ತೆಗೆದ್ರು."

"ಆಮೇಲೆ ಹೊಡೆದ್ರಾ?" ಎಂದೆ.

"ಇಲ್ಲ ಸಾರ್. ಅಪ್ಪ ನಗಾಡ್ಬಿಟ್ರು. ನಮ್ಮಪ್ಪ ನಕ್ಕಿದ್ದು ನಂಗೆ ಗ್ಯಾಪ್ಕ ಇರೋದು ಅದೊಂದೇ ಸಲ." ಆಮೇಲೆ ಬೇರೆ ಕಡೆ ನೋಡುತ್ತಾ ಕೇಳಿದರು. "ಇದನ್ನ ಕೊಡ್ತೀರಾ ಸಾರ್?"

ನಾನು ಏನು ಹೇಳಲಿ ಎಂದು ಯೋಚಿಸುವ ಮೊದಲೇ ಅವ್ವ, "ಒಯ್ಯಪಾ. ನಮ್ಮನ್ಯಾಗ ಇಡಾಕ ಜಾಗಾ ಎಲ್ಲೈತಿ?" ಎಂದಳು. ಹೋದ ಕಾರಿನಲ್ಲೇ ಹರವಿ ವಾಪಸ್ಸು ಬಂತು. ಮುಂದಿನ ಸೀಟಿನಲ್ಲಿ ಅದು, ಬೆಲ್ಟು ಹಾಕಿಕೊಂಡು. ಅವ್ವ ನಮ್ಮ ಜೊತೆ ಹಿಂದೆ.

ಏನೂ ಇಡಬಾರದು ಎಂದು ನಾನು ಎಷ್ಟು ಹೇಳಿದರೂ ಮಾಲೀಕರು ಅದಕ್ಕೆ ರಾಗಿ ತುಂಬಿದರು. ತುಂಬಿದ ಕೂಡಲೇ ಅದರ ವಾಲುವಿಕೆ ಹೋಯಿತು. ಈಗ ಅವರ ಹಾಲಿನಲ್ಲಿ ಟಿವಿಯ ಪಕ್ಕ ನೆಟ್ಟಗೆ ನಿಂತಿದೆ. ರಾಗಿಗೆ ಲವಂಗದ ವಾಸನೆ ಹತ್ತಿದೆಯಂತೆ. "ಮುದ್ದೆ ತಿಂದ್ರೆ ಪಾನ್ ತಿಂದಂಗಾಗ್ತೈತೆ, ಏನ್ ಮಾಡಿದೀರೋ ಮಾರಾಯ್ರೇ" ಎಂದು ಅವರ ಹೆಂಡತಿ ನನ್ನನ್ನು ಕಂಡಾಗಲೆಲ್ಲ ಅನ್ನುತ್ತಾರೆ.

ಪ್ರದರ್ಶನ ಮುಗಿದ ಮುಂದಿನ ಶನಿವಾರ ತರಗತಿಯ ಹೊಸ ಸರದಿ ಶುರುವಾಗುವುದಿತ್ತು. ನಾನು ಚೀಲ ಹಿಡಿದು ಹೊರಟಾಗ ಅವ್ವ ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಸೋಫಾದ ತುದಿಯಲ್ಲಿ ಕೂತಿದ್ದಳು.

"ಎಲ್ಲಿಗವ್ವಾ?"

"ಇಂದಿರಾನಗರಕ್ಕ. ಆ ಅಕ್ಕಾರು ಬರ್ರಿ ಅಂತ ಕರದಾರ."

ಮೇಡಂ ಕರೆದದ್ದು ನಿಜ. ಅವ್ವ ಅಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು, ಯಾರ ಮಾತನ್ನೂ ಕೇಳದೆ, ಗುಂಡಗೆ ಒಂದು ಪಾತ್ರೆ ಹೊಲಿಯತೊಡಗಿದಳು. ಹುಡುಗಿಯರು ಅವಳ ಸುತ್ತ ಕೂತು ಗದಗಿನ ಸುದ್ದಿ ಕೇಳಿದರು. ನಾನು ಆ ದಿನದಿಂದ ಅಂಕಲ್ ಅಲ್ಲ, ಅಜ್ಜಿಯ ಮಗ. ಕೆಲವು ವಾರಗಳ ಮೇಲೆ ಅವ್ವ ಕೊನೆಯ ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, ಮೇಡಂ ಕೈಗೆ ಕೊಟ್ಟಳು. ಚಂದದ ಕೆಂಪು ಹಸಿರು ಚೌಕಗಳು, ಒತ್ತಾದ ಹೊಲಿಗೆ, ದುಂಡನೆಯ ಹೊಟ್ಟೆ. ಮೇಡಂ ಅದನ್ನು ಮೇಲೆ ಕೆಳಗೆ ತಿರುಗಿಸಿದರು, ಮತ್ತೆ ತಿರುಗಿಸಿದರು, ನನ್ನ ಮುಖ ನೋಡಿದರು. ಕೌದಿ ಹೊಲಿದ ಅಭ್ಯಾಸ. ಅವ್ವ ಎಲ್ಲ ಕಡೆಯೂ ಮುಚ್ಚಿಬಿಟ್ಟಿದ್ದಳು. ಪಾತ್ರೆಗೆ ಬಾಯೇ ಇರಲಿಲ್ಲ.

"ಅಜ್ಜೀ, ತುಂಬ ಚೆನ್ನಾಗಿದೆ," ಮೇಡಂ ಎಚ್ಚರಿಕೆಯಿಂದ ಹೇಳಿದರು, "ಆದ್ರೆ ಇದು... ದಿಂಬಿನ ಥರ ಆಗಿಲ್ವಾ?"

ಅವ್ವ ಅದನ್ನು ಹಿಂದಕ್ಕೆ ತೆಗೆದುಕೊಂಡು ಒಂದು ಗಳಿಗೆ ನೋಡಿದಳು. ಮುಖದಲ್ಲಿ ಏನೂ ಕಾಣಲಿಲ್ಲ.

"ದಿಂಬ ಅಲ್ರೀ ಅಕ್ಕಾರ, ಹರವೀನ" ಎಂದಳು. "ಮುಚ್ಚಳಾ ಹಾಕೀನಿ."